ಪದರ ಕಾಂತಗಳು ಮತ್ತು ಅತಿದ್ರವಗಳಲ್ಲಿ ಅವ್ಯವಸ್ಥೆಯ ಪರಿಣಾಮ

ಪದರ ಕಾಂತಗಳು ಮತ್ತು ಅತಿದ್ರವಗಳಲ್ಲಿ ಅವ್ಯವಸ್ಥೆಯ ಪರಿಣಾಮವು ಸಾಂಖ್ಯಿಕ ಭೌತವಿಜ್ಞಾನದ ಒಂದು ಅಧ್ಯಯನ ವಿಷಯ. ಒಂದರ ಮೇಲೊಂದು ಪೇರಿಸಿದ ಪದರಗಳಿಂದ ರಚಿತವಾದ ವಸ್ತುವಿನಲ್ಲಿ ಪದರದಿಂದ ಪದರಕ್ಕೆ ಗುಣಗಳು ಕ್ರಮವಿಲ್ಲದೆ ಬದಲಾಗುತ್ತಿದ್ದರೆ, ಅದನ್ನು ತಂಪುಗೊಳಿಸಿದಾಗ ನಡೆಯುವ ಪ್ರಾವಸ್ಥಾ ಪರಿವರ್ತನೆ ಯಾವ ರೂಪ ತಾಳುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಶುದ್ಧ ವಸ್ತುವಿನಲ್ಲಿ ಈ ಪರಿವರ್ತನೆಯು ಒಂದು ನಿರ್ದಿಷ್ಟ ತಾಪದಲ್ಲಿ ನಡೆಯುತ್ತದೆ. ಪದರ ಅವ್ಯವಸ್ಥೆಯುಳ್ಳ ವಸ್ತುವಿನಲ್ಲಿ ಅದು ನಿರ್ದಿಷ್ಟ ತಾಪದಲ್ಲೇ ನಡೆದರೂ ಅಸಾಮಾನ್ಯ ನಿಯಮಗಳಿಗೆ ಒಳಪಡಬಹುದು. ತಾಪದ ಒಂದು ವ್ಯಾಪ್ತಿಯುದ್ದಕ್ಕೂ ಹರಡಿಹೋಗಬಹುದು. ಇಲ್ಲವೆ ಪದರಗಳ ಗುಂಟ ಒಂದು ತಾಪದಲ್ಲಿಯೂ ಅವುಗಳಿಗೆ ಲಂಬವಾಗಿ ಇನ್ನೊಂದು ತಾಪದಲ್ಲಿಯೂ ಕಾಣಿಸಿಕೊಳ್ಳಬಹುದು. ಈ ಮೂರರಲ್ಲಿ ಯಾವುದು ಸಂಭವಿಸುತ್ತದೆ ಎಂಬುದು ಮುಖ್ಯವಾಗಿ ಒಂದು ಸಂಗತಿಯನ್ನು ಅವಲಂಬಿಸಿದೆ: ಕೆಲವೇ ಪದರಗಳ ಒಂದು ಕಟ್ಟು ಉಳಿದ ಪದರಗಳ ನೆರವಿಲ್ಲದೆ ತಾನಾಗಿಯೇ ಕ್ರಮಗೊಳ್ಳಬಲ್ಲುದೇ ಎಂಬುದು.

ಈ ವಿಷಯದ ಗಣಿತಕ್ಕೆ ಆಧಾರವಾದ ವಿಧಾನವೊಂದನ್ನು ರೂಪಿಸಿದವರಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಚಂದನ್ ದಾಸ್‌ಗುಪ್ತ ಅವರೂ ಒಬ್ಬರು. ಪದರ ಆಕ್ಸೈಡುಗಳ ಅಧ್ಯಯನದಲ್ಲಿಯೂ ಈ ಸಂಸ್ಥೆಗೆ ದೀರ್ಘ ಇತಿಹಾಸವಿದೆ.

ಇಲ್ಲಿ ಹೇಳುವ ಪದರ ಕಾಂತಗಳನ್ನು ಟ್ರಾನ್ಸ್‌ಫಾರ್ಮರಿನ ತಿರುಳಿನಲ್ಲಿ ಜೋಡಿಸುವ ಉಕ್ಕಿನ ತಗಡುಗಳೆಂದು ತಿಳಿಯಬಾರದು. ಪೀಣ್ಯದಂತಹ ಕೈಗಾರಿಕಾ ವಲಯಗಳಲ್ಲಿ ಪರಿಚಿತವಾದ ಆ ತಗಡುಗಳನ್ನು ಸುಳಿ ವಿದ್ಯುತ್ಪ್ರವಾಹದ ನಷ್ಟವನ್ನು ತಗ್ಗಿಸಲು ಬಳಸುತ್ತಾರೆ. ಅಲ್ಲಿ ಒಂದೊಂದು ತಗಡೂ ಲಕ್ಷಾಂತರ ಪರಮಾಣುಗಳಷ್ಟು ದಪ್ಪವಿರುತ್ತದೆ. ಈ ಲೇಖನದ ಪದರಗಳು ಒಂದೆರಡು ಪರಮಾಣುಗಳಿಂದ ಹಿಡಿದು ಕೆಲವು ಹತ್ತು ಪರಮಾಣುಗಳಷ್ಟು ಮಾತ್ರ ದಪ್ಪವುಳ್ಳವು.

ಹಿನ್ನೆಲೆ

ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಅದರ ಕಾಂತತ್ವ ಅಳಿಯುತ್ತದೆ. ತಾಪವು ಅದಕ್ಕಿಂತ ಇಳಿದಾಗ ಪರಮಾಣುಗಳ ಸ್ಪಿನ್‌ಗಳು, ಎಂದರೆ ಅವುಗಳ ಸೂಕ್ಷ್ಮ ಕಾಂತಗಳು, ಒಂದೇ ದಿಕ್ಕಿಗೆ ತಿರುಗಿ ಕಾಂತತ್ವ ಮರಳುತ್ತದೆ. ದ್ರವ ಹೀಲಿಯಂ ಸುಮಾರು 2.17 ಕೆಲ್ವಿನ್ ತಾಪದಲ್ಲಿ ಅತಿದ್ರವವಾಗುತ್ತದೆ. ಆಗ ಅದು ಸ್ನಿಗ್ಧತೆಯಿಲ್ಲದೆ ಅತಿ ಕಿರಿದಾದ ಸಂದುಗಳಲ್ಲಿಯೂ ಹರಿಯಬಲ್ಲುದು. ನೋಡಲು ಬೇರೆಬೇರೆಯಾದ ಈ ಎರಡು ಘಟನೆಗಳನ್ನು ಒಂದೇ ಬಗೆಯ ಗಣಿತ ವಿವರಿಸುತ್ತದೆ. ಕಾಂತದಲ್ಲಿ ಸ್ಪಿನ್‌ಗಳ ದಿಕ್ಕು ಒಂದಾಗುತ್ತದೆ. ಅತಿದ್ರವದಲ್ಲಿ ಕ್ವಾಂಟಮ್ ತರಂಗದ ಹಂತಕೋನ ಎಲ್ಲೆಡೆ ಒಂದಾಗುತ್ತದೆ. ಹಂತಕೋನವನ್ನು ಗಡಿಯಾರದ ಮುಳ್ಳಿನಂತೆ ಒಂದು ಸಮತಲದಲ್ಲಿ ತಿರುಗುವ ಬಾಣವೆಂದು ಭಾವಿಸಬಹುದು. ಆದ್ದರಿಂದ ಅತಿದ್ರವಗಳೂ ಅತಿವಾಹಕಗಳೂ ಸಮತಲ ಸ್ಪಿನ್‌ಗಳುಳ್ಳ ಕಾಂತಗಳೂ ಈ ವಿಷಯದಲ್ಲಿ ಒಂದೇ ಗುಂಪಿಗೆ ಸೇರುತ್ತವೆ.

ಸ್ಪಿನ್‌ಗೆ ಇರುವ ಸ್ವಾತಂತ್ರ್ಯವನ್ನು ಅನುಸರಿಸಿ ಮೂರು ಮಾದರಿಗಳನ್ನು ಹೆಸರಿಸಲಾಗಿದೆ. ಮೇಲೆ ಅಥವಾ ಕೆಳಗೆ ಎಂಬ ಎರಡೇ ದಿಕ್ಕುಗಳಿದ್ದರೆ ಅದು ಐಸಿಂಗ್ ಮಾದರಿ. ಒಂದು ಸಮತಲದೊಳಗೆ ಎತ್ತಲಾದರೂ ತಿರುಗಬಹುದಾದರೆ ಎಕ್ಸ್‌ವೈ ಮಾದರಿ. ಮೂರು ಆಯಾಮಗಳಲ್ಲಿ ಎತ್ತಲಾದರೂ ತಿರುಗಬಹುದಾದರೆ ಹೈಸನ್‌ಬರ್ಗ್ ಮಾದರಿ.

ಪರಿವರ್ತನೆಯ ತಾಪವನ್ನು ಸಮೀಪಿಸಿದಂತೆಲ್ಲ ಒಂದು ಸ್ಪಿನ್‌ನ ಪ್ರಭಾವ ಹೆಚ್ಚು ಹೆಚ್ಚು ದೂರಕ್ಕೆ ಮುಟ್ಟುತ್ತದೆ. ಈ ದೂರಕ್ಕೆ ಸಹಸಂಬಂಧ ದೂರ ಎಂದು ಹೆಸರು. ಅದು ಬೆಳೆಯುವ ವೇಗವನ್ನು ನ್ಯೂ ಎಂಬ ಘಾತಾಂಕ ಸೂಚಿಸುತ್ತದೆ. ಮೂರು ಆಯಾಮದ ಶುದ್ಧ ವಸ್ತುಗಳಲ್ಲಿ ಇದರ ಬೆಲೆ ಐಸಿಂಗ್ ಮಾದರಿಗೆ ಸುಮಾರು 0.63, ಎಕ್ಸ್‌ವೈ ಮಾದರಿಗೆ ಸುಮಾರು 0.67, ಹೈಸನ್‌ಬರ್ಗ್ ಮಾದರಿಗೆ ಸುಮಾರು 0.71.

ಬಿಡಿ ಅವ್ಯವಸ್ಥೆ ಮತ್ತು ಪದರ ಅವ್ಯವಸ್ಥೆ

ನಿಜವಾದ ಯಾವ ವಸ್ತುವೂ ಪೂರ್ಣ ಶುದ್ಧವಲ್ಲ. ಅನ್ಯ ಪರಮಾಣುಗಳು, ಖಾಲಿ ಸ್ಥಾನಗಳು, ಬಂಧಗಳ ಏರುಪೇರು ಇವೆಲ್ಲ ಅವ್ಯವಸ್ಥೆಯ ರೂಪಗಳು. ಅವು ಅಲ್ಲಲ್ಲಿ ಚದುರಿದ್ದರೆ ಬಿಡಿ ಅವ್ಯವಸ್ಥೆ ಎನ್ನಬಹುದು. ಒಂದು ಪದರದೊಳಗೆ ಎಲ್ಲವೂ ಏಕರೂಪವಾಗಿದ್ದು, ಮುಂದಿನ ಪದರ ಮಾತ್ರ ಬೇರೆಯಾಗಿದ್ದರೆ ಅದು ಪದರ ಅವ್ಯವಸ್ಥೆ.

ಗೋಡೆ ಕಟ್ಟುವಾಗ ಕೆಲವು ಸುಡದ ಇಟ್ಟಿಗೆಗಳು ಅಲ್ಲೊಂದು ಇಲ್ಲೊಂದು ಸೇರಿದರೆ ಸುತ್ತಲಿನ ಗಟ್ಟಿ ಇಟ್ಟಿಗೆಗಳು ಭಾರ ಹೊತ್ತು ಗೋಡೆಯನ್ನು ನಿಲ್ಲಿಸುತ್ತವೆ. ಅದೇ ಇಟ್ಟಿಗೆಗಳು ಒಂದು ಇಡೀ ವರಸೆಯಾಗಿ ಕೂತರೆ ದೋಷವನ್ನು ಬಳಸಿಕೊಂಡು ಹೋಗುವ ದಾರಿಯೇ ಇರುವುದಿಲ್ಲ. ಪದರ ಅವ್ಯವಸ್ಥೆ ಬಿಡಿ ಅವ್ಯವಸ್ಥೆಗಿಂತ ಪ್ರಬಲವಾಗುವುದು ಇದೇ ಕಾರಣದಿಂದ.

ಅವ್ಯವಸ್ಥೆಯು ಪರಿವರ್ತನೆಯ ಸ್ವರೂಪವನ್ನು ಬದಲಿಸುವುದೇ ಇಲ್ಲವೇ ಎಂಬುದನ್ನು ತಿಳಿಯಲು ಎ. ಬ್ರೂಕ್ಸ್ ಹ್ಯಾರಿಸ್ 1974ರಲ್ಲಿ ಒಂದು ಸರಳ ಪರೀಕ್ಷೆಯನ್ನು ಸೂಚಿಸಿದರು. ಅವ್ಯವಸ್ಥೆ ಎಷ್ಟು ಆಯಾಮಗಳಲ್ಲಿ ಬದಲಾಗುತ್ತದೆಯೋ ಆ ಸಂಖ್ಯೆಯನ್ನು ನ್ಯೂ ಘಾತಾಂಕದಿಂದ ಗುಣಿಸಬೇಕು. ಗುಣಲಬ್ಧ 2ಕ್ಕಿಂತ ಹೆಚ್ಚಾದರೆ ಅಲ್ಪ ಅವ್ಯವಸ್ಥೆಯಿಂದ ಪರಿವರ್ತನೆಯ ನಿಯಮಗಳು ಬದಲಾಗುವುದಿಲ್ಲ. 2ಕ್ಕಿಂತ ಕಡಿಮೆಯಾದರೆ ಬದಲಾಗುತ್ತವೆ. ಬಿಡಿ ಅವ್ಯವಸ್ಥೆಯು ಮೂರು ಆಯಾಮಗಳಲ್ಲಿಯೂ ಬದಲಾಗುವುದರಿಂದ ಹೈಸನ್‌ಬರ್ಗ್ ಕಾಂತಕ್ಕೆ ಗುಣಲಬ್ಧ ಸುಮಾರು 2.13; ಅದು ಪಾರಾಗುತ್ತದೆ. ಎಕ್ಸ್‌ವೈ ಮಾದರಿಗೆ ಸುಮಾರು 2.01; ಅದು ಕೂದಲೆಳೆಯ ಅಂತರದಲ್ಲಿ ಪಾರಾಗುತ್ತದೆ. ವೈಕಾರ್ ಎಂಬ ರಂಧ್ರಮಯ ಗಾಜಿನಲ್ಲಿ ತುಂಬಿದ ಹೀಲಿಯಂನ ಅತಿದ್ರವ ಪರಿವರ್ತನೆಯು ಶುದ್ಧ ಹೀಲಿಯಂನ ಘಾತಾಂಕವನ್ನೇ ತೋರಿಸುವುದು ಇದಕ್ಕೆ ಹೊಂದುತ್ತದೆ. ಪದರ ಅವ್ಯವಸ್ಥೆಯಾದರೋ ಪದರಗಳಿಗೆ ಲಂಬವಾದ ಒಂದೇ ಆಯಾಮದಲ್ಲಿ ಬದಲಾಗುತ್ತದೆ. ಆಗ ಮೂರು ಮಾದರಿಗಳಲ್ಲಿಯೂ ಗುಣಲಬ್ಧ 1ನ್ನು ಸಹ ಮುಟ್ಟುವುದಿಲ್ಲ. ಹೀಗಾಗಿ ಪದರ ಅವ್ಯವಸ್ಥೆ ಎಷ್ಟೇ ಅಲ್ಪವಾಗಿದ್ದರೂ ಶುದ್ಧ ವಸ್ತುವಿನ ನಿಯಮಗಳು ಉಳಿಯುವುದಿಲ್ಲ.

ವಿರಳ ಪ್ರದೇಶಗಳು

ಹ್ಯಾರಿಸ್ ಪರೀಕ್ಷೆಯು ಹಳೆಯ ನಿಯಮ ಮುರಿಯುತ್ತದೆ ಎಂದು ತಿಳಿಸುತ್ತದೆಯೇ ಹೊರತು ಅದರ ಸ್ಥಾನಕ್ಕೆ ಏನು ಬರುತ್ತದೆ ಎಂದು ತಿಳಿಸುವುದಿಲ್ಲ. ಅದಕ್ಕೆ ವಿರಳ ಪ್ರದೇಶಗಳ ಪರಿಕಲ್ಪನೆ ಬೇಕು. ರಾಬರ್ಟ್ ಗ್ರಿಫಿತ್ಸ್ 1969ರಲ್ಲಿ ಇದರ ಮಹತ್ತ್ವವನ್ನು ತೋರಿಸಿದರು.

ಬಲವಾದ ಪದರ, ದುರ್ಬಲ ಪದರ ಎಂಬ ಎರಡೇ ಬಗೆಗಳಿದ್ದು, ನಾಣ್ಯ ಚಿಮ್ಮಿ ಬಂದಂತೆ ಅವುಗಳನ್ನು ಪೇರಿಸಲಾಗಿದೆ ಎಂದುಕೊಳ್ಳೋಣ. ಬಲವಾದ ಪದರಗಳಷ್ಟೇ ಇದ್ದಿದ್ದರೆ ವಸ್ತುವು ಹೆಚ್ಚಿನ ತಾಪವೊಂದರಲ್ಲಿಯೇ ಕ್ರಮಗೊಳ್ಳುತ್ತಿತ್ತು; ದುರ್ಬಲ ಪದರಗಳಷ್ಟೇ ಇದ್ದಿದ್ದರೆ ಕಡಿಮೆ ತಾಪವೊಂದರಲ್ಲಿ. ಇವನ್ನು ಮೇಲಿನ ಮಿತಿ, ಕೆಳಗಿನ ಮಿತಿ ಎನ್ನಬಹುದು. ಇವೆರಡರ ನಡುವಿನ ವ್ಯಾಪ್ತಿಯೇ ಗ್ರಿಫಿತ್ಸ್ ವಲಯ. ಇಲ್ಲಿ ಬಲವಾದ ಪದರಗಳೇ ಸಾಲಾಗಿ ಬಂದ ಕಟ್ಟುಗಳು ಉಳಿದ ಭಾಗಕ್ಕಿಂತ ಮೊದಲೇ ಕ್ರಮದತ್ತ ಒಲಿಯುತ್ತವೆ.

ಗೊತ್ತುಪಡಿಸಿದ ಒಂದು ಸ್ಥಳದಿಂದ ಎಣಿಸಿದ 10 ಪದರಗಳೂ ಬಲವಾದವೇ ಆಗಿರುವ ಸಂಭವ 1024ರಲ್ಲಿ ಒಂದು. 20 ಪದರಗಳಾದರೆ ಸುಮಾರು 10 ಲಕ್ಷದಲ್ಲಿ ಒಂದು. ಬಿಡಿ ಅವ್ಯವಸ್ಥೆಯಲ್ಲಿ ಉದ್ದ, ಅಗಲ, ಎತ್ತರ ಹತ್ತು ಹತ್ತು ಪರಮಾಣುಗಳಷ್ಟಿರುವ ಘನವೊಂದು ಪೂರ್ಣ ಬಲವಾಗಿರಬೇಕಾದರೆ 1000 ಪರಮಾಣುಗಳು ಒಟ್ಟಿಗೆ ಅನುಕೂಲವಾಗಬೇಕು. ಆ ಸಂಭವವನ್ನು ಒಂದರಲ್ಲಿ ಇಂತಿಷ್ಟು ಎಂದು ಬರೆಯಲು ಛೇದದಲ್ಲಿ 1ರ ಮುಂದೆ 301 ಸೊನ್ನೆಗಳು ಬೇಕಾಗುತ್ತವೆ. ಅಷ್ಟಾಗಿಯೂ ಆ ಘನವು ಎಲ್ಲ ಕಡೆಯಿಂದಲೂ ಸೀಮಿತವಾದುದು. ಪದರಗಳ ಕಟ್ಟು ದಪ್ಪದಲ್ಲಿ ಮಾತ್ರ ಸೀಮಿತ. ಉದ್ದಗಲಗಳಲ್ಲಿ ಅದು ವಸ್ತುವಿನ ಅಂಚಿನವರೆಗೂ ಹಬ್ಬಿರುತ್ತದೆ. ಇಷ್ಟು ದೊಡ್ಡ ಪ್ರದೇಶವು ಕ್ರಮಗೊಂಡಾಗ ಅದರ ಪರಿಣಾಮ ಇಡೀ ವಸ್ತುವಿನ ಮಾಪನದಲ್ಲಿ ಕಾಣುತ್ತದೆ.

ಮೂರು ಬಗೆಯ ಪರಿಣಾಮಗಳು

ಐಸಿಂಗ್ ಕಾಂತ. ಎರಡು ಆಯಾಮದ ಐಸಿಂಗ್ ಕಾಂತವು ನಿರಪೇಕ್ಷ ಶೂನ್ಯಕ್ಕಿಂತ ಹೆಚ್ಚಿನ ತಾಪದಲ್ಲಿಯೇ ಕ್ರಮಗೊಳ್ಳುತ್ತದೆ. ಲಾರ್ಸ್ ಆನ್ಸಾಗರ್ 1944ರಲ್ಲಿ ಪ್ರಕಟಿಸಿದ ನಿಖರ ಪರಿಹಾರ ಇದನ್ನು ಸ್ಥಿರಪಡಿಸಿತು. ಆದ್ದರಿಂದ ಪ್ರತಿಯೊಂದು ಕಟ್ಟೂ ತನ್ನ ದಪ್ಪಕ್ಕೆ ತಕ್ಕ ತಾಪದಲ್ಲಿ ಸ್ವತಂತ್ರವಾಗಿ ಕಾಂತವಾಗುತ್ತದೆ. ಇಡೀ ವಸ್ತುವಿಗೆ ಒಂದೇ ಪರಿವರ್ತನೆಯ ತಾಪ ಎಂಬುದು ಉಳಿಯುವುದಿಲ್ಲ. ಮೇಲಿನ ಮಿತಿಯ ಬಳಿ ಅತ್ಯಲ್ಪವಾಗಿ ಮೊಳೆತ ಕಾಂತತ್ವವು ತಾಪ ಇಳಿದಂತೆ ನಿಧಾನವಾಗಿ ಬೆಳೆಯುತ್ತದೆ. ಇದನ್ನು ಹರಡಿದ ಪರಿವರ್ತನೆ ಎನ್ನುತ್ತಾರೆ.

ಹೈಸನ್‌ಬರ್ಗ್ ಕಾಂತ. ಎರಡು ಆಯಾಮದ ಹೈಸನ್‌ಬರ್ಗ್ ಕಾಂತವು ನಿರಪೇಕ್ಷ ಶೂನ್ಯಕ್ಕಿಂತ ಮೇಲಿನ ಯಾವ ತಾಪದಲ್ಲಿಯೂ ಕ್ರಮಗೊಳ್ಳದು ಎಂಬುದನ್ನು ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲಿ ಸಿದ್ಧಪಡಿಸಿದರು. ಹೀಗಾಗಿ ಒಂಟಿ ಕಟ್ಟು ತಾನಾಗಿ ಕಾಂತವಾಗಲಾರದು. ಆದರೆ ದಪ್ಪ ಒಂದೊಂದು ಪದರದಷ್ಟು ಹೆಚ್ಚಿದಂತೆಲ್ಲ ಹೊರಗಿನ ಕಾಂತಕ್ಷೇತ್ರಕ್ಕೆ ಅದು ತೋರುವ ಪ್ರತಿಕ್ರಿಯೆ ಇಂತಿಷ್ಟು ಪಟ್ಟಿನಂತೆ ಗುಣಿಸುತ್ತಾ ಹೋಗುತ್ತದೆ. ಅಂತಹ ಕಟ್ಟು ದೊರೆಯುವ ಸಂಭವವೂ ಒಂದೊಂದು ಪದರಕ್ಕೆ ಇಂತಿಷ್ಟು ಪಟ್ಟಿನಂತೆ ಕುಗ್ಗುತ್ತದೆ. ಈ ಎರಡರ ಪೈಪೋಟಿ ಸರಿಸಮನಾಗಿ ನಡೆಯುವುದರಿಂದ ಪರಿವರ್ತನೆಗೆ ಮುನ್ನವೇ ವಸ್ತುವಿನ ಪ್ರತಿಕ್ರಿಯೆ ಅನಂತವಾಗಬಹುದು. ಪರಿವರ್ತನೆಯು ಒಂದೇ ತಾಪದಲ್ಲಿ ನಡೆದರೂ ಅದರ ನಿಯಮಗಳು ಹೊಸವು. ಇದನ್ನು ಪ್ರಿಯಾಂಕಾ ಮೋಹನ್, ರಾಜೇಶ್ ನಾರಾಯಣನ್ ಮತ್ತು ಥಾಮಸ್ ವೊಯ್ಟಾ 2010ರಲ್ಲಿ ತೋರಿಸಿದರು. ಅನಂತರ ಗಣಕದಲ್ಲಿ ನಡೆಸಿದ ಮಾಂಟೆ ಕಾರ್ಲೊ ಲೆಕ್ಕಾಚಾರಗಳು ಈ ಚಿತ್ರವನ್ನು ಬೆಂಬಲಿಸಿದವು.

ಈ ಹೊಸ ನಿಯಮಗಳಂತೆ ನ್ಯೂ ಘಾತಾಂಕದ ಬೆಲೆ 0.71ರಿಂದ 2ಕ್ಕೆ ಏರುತ್ತದೆ. ಕಾಂತತ್ವದ ಬೆಳವಣಿಗೆಯನ್ನು ಸೂಚಿಸುವ ಬೀಟಾ ಘಾತಾಂಕವು 2ರಿಂದ ಸುವರ್ಣ ಅನುಪಾತವನ್ನು ಕಳೆದಾಗ ದೊರೆಯುವ ಸುಮಾರು 0.38. ಶುದ್ಧ ಕಾಂತದಲ್ಲಿ ಅದು ಸುಮಾರು 0.37 ಇರುವುದರಿಂದ ಬೀಟಾವನ್ನಷ್ಟೇ ಅಳೆದು ಎರಡನ್ನೂ ಬೇರ್ಪಡಿಸುವುದು ಕಷ್ಟ. ಸ್ಪಷ್ಟ ವ್ಯತ್ಯಾಸ ಕಾಣುವುದು ದಿಕ್ಕುಗಳ ಹೋಲಿಕೆಯಲ್ಲಿ. ಪದರಗಳಿಗೆ ಲಂಬವಾದ ಸಹಸಂಬಂಧ ದೂರ ನಾಲ್ಕು ಪಟ್ಟಾದಾಗ, ಪದರಗಳ ಗುಂಟ ಇರುವ ಸಹಸಂಬಂಧ ದೂರದ ಲಾಗರಿದಮ್ ಎರಡು ಪಟ್ಟಾಗುತ್ತದೆ. ಎಂದರೆ ಆ ದೂರವು ತನ್ನ ವರ್ಗದಷ್ಟಾಗುತ್ತದೆ.

ಅತಿದ್ರವ ಮತ್ತು ಎಕ್ಸ್‌ವೈ ಕಾಂತ. ಇವು ಮೇಲಿನ ಎರಡರ ನಡುವೆ ನಿಲ್ಲುತ್ತವೆ. ಎರಡು ಆಯಾಮದ ಅತಿದ್ರವದಲ್ಲಿ ಹಂತಕೋನ ಪೂರ್ಣವಾಗಿ ಒಂದಾಗದು. ಆದರೂ ಸುಳಿ ಮತ್ತು ಪ್ರತಿಸುಳಿಗಳು ಜೋಡಿಗೂಡುವ ಮೂಲಕ ಅದು ಘರ್ಷಣೆಯಿಲ್ಲದ ಹರಿವನ್ನು ಪಡೆಯುತ್ತದೆ. ಬೆರೆಜಿನ್‌ಸ್ಕಿ, ಕೋಸ್ಟರ್‌ಲಿಟ್ಜ್ ಮತ್ತು ಥೌಲೆಸ್ 1970ರ ದಶಕದ ಆರಂಭದಲ್ಲಿ ಇದನ್ನು ವಿವರಿಸಿದರು. 1978ರಲ್ಲಿ ಬಿಷಪ್ ಮತ್ತು ರೆಪ್ಪಿ ತೆಳು ಹೀಲಿಯಂ ಪೊರೆಗಳಲ್ಲಿ ಇದನ್ನು ಪ್ರಯೋಗದಿಂದ ದೃಢಪಡಿಸಿದರು.

ಪದರ ಅವ್ಯವಸ್ಥೆಯುಳ್ಳ ಅತಿದ್ರವದಲ್ಲಿ ದಪ್ಪ ಕಟ್ಟುಗಳು ಮೊದಲು ಅತಿದ್ರವವಾಗುತ್ತವೆ. ಪದರಗಳ ಗುಂಟ ಹರಿವು ಸರಾಗವಾಗುತ್ತದೆ. ಪದರಗಳನ್ನು ದಾಟಿ ಹರಿಯಬೇಕಾದರೆ ನಡುವೆ ಸಿಲುಕಿದ ದುರ್ಬಲ ಪದರಗಳನ್ನು ಹಾಯಬೇಕು. ಇದು ಸರಣಿಯಲ್ಲಿ ಜೋಡಿಸಿದ ರೋಧಕಗಳಂತೆ: ಒಂದೇ ಒಂದು ದೊಡ್ಡ ರೋಧಕವಿದ್ದರೂ ಒಟ್ಟು ರೋಧ ಹೆಚ್ಚುತ್ತದೆ. ಹಾಗೆಯೇ ಅಪರೂಪಕ್ಕೆ ಬರುವ ಅತಿ ದಪ್ಪನೆಯ ದುರ್ಬಲ ಕಟ್ಟುಗಳು ಲಂಬ ದಿಕ್ಕಿನ ಬಿಗಿತವನ್ನು, ಎಂದರೆ ಹಂತಕೋನವನ್ನು ತಿರುಚಲು ವಸ್ತು ಒಡ್ಡುವ ವಿರೋಧವನ್ನು, ಶೂನ್ಯಕ್ಕೆ ಇಳಿಸಬಲ್ಲವು. ಇದರಿಂದ ಒಂದು ಮಧ್ಯಂತರ ಪ್ರಾವಸ್ಥೆ ಹುಟ್ಟುತ್ತದೆ. ಅದರಲ್ಲಿ ವಸ್ತುವು ಪದರಗಳ ಗುಂಟ ಅತಿದ್ರವ. ಲಂಬ ದಿಕ್ಕಿನಲ್ಲಿ ಬಿಗಿತವಿಲ್ಲದ್ದು. ತಾಪ ಇನ್ನೂ ಇಳಿದ ಮೇಲೆಯೇ ಎರಡೂ ದಿಕ್ಕುಗಳ ಬಿಗಿತ ಕೂಡಿಬರುತ್ತದೆ. ಇದನ್ನು 2010ರಲ್ಲಿ ಎರಡು ತಂಡಗಳು ಮುಂದಿಟ್ಟವು. ಡೇವಿಡ್ ಪೆಕ್ಕರ್, ಗಿಲ್ ರೆಫೇಲ್ ಮತ್ತು ಯೂಜೀನ್ ಡೆಮ್ಲರ್ ಅವರದು ಒಂದು. ಮೋಹನ್, ಪಾಲ್ ಗೋಲ್ಡ್‌ಬಾರ್ಟ್, ನಾರಾಯಣನ್, ಜಾನ್ ಟೋನರ್ ಮತ್ತು ವೊಯ್ಟಾ ಅವರದು ಇನ್ನೊಂದು.

ಈ ಫಲಿತಾಂಶದಿಂದ ‘ವಸ್ತುವಿನ ಪರಿವರ್ತನೆಯ ತಾಪ ಎಷ್ಟು’ ಎಂಬ ಪ್ರಶ್ನೆಯೇ ಅಪೂರ್ಣವೆನಿಸುತ್ತದೆ. ಯಾವ ದಿಕ್ಕಿನಲ್ಲಿ ಅಳೆದದ್ದು ಎಂದು ಹೇಳದೆ ಉತ್ತರಕ್ಕೆ ಅರ್ಥವಿರುವುದಿಲ್ಲ.

ಪ್ರಬಲ ಅವ್ಯವಸ್ಥೆಯ ಗಣಿತ

ಅವ್ಯವಸ್ಥೆ ಅಲ್ಪವಾಗಿದ್ದಾಗ ಶುದ್ಧ ವಸ್ತುವಿನಿಂದ ಆರಂಭಿಸಿ ಸಣ್ಣ ತಿದ್ದುಪಡಿಗಳನ್ನು ಸೇರಿಸುವುದು ವಾಡಿಕೆ. ವಿರಳ ಪ್ರದೇಶಗಳು ಆಳುವಲ್ಲಿ ಈ ದಾರಿ ಫಲಿಸದು. ಷಾಂಗ್-ಕೆಂಗ್ ಮಾ, ಚಂದನ್ ದಾಸ್‌ಗುಪ್ತ ಮತ್ತು ಚಿನ್-ಕುನ್ ಹು 1979ರಲ್ಲಿ ಬೇರೊಂದು ದಾರಿಯನ್ನು ಸೂಚಿಸಿದರು. 1980ರಲ್ಲಿ ದಾಸ್‌ಗುಪ್ತ ಮತ್ತು ಮಾ ಅದನ್ನು ವಿಸ್ತರಿಸಿದರು. ಅವರು ತೆಗೆದುಕೊಂಡದ್ದು ಕ್ರಮವಿಲ್ಲದ ಬಂಧಗಳುಳ್ಳ ಸ್ಪಿನ್ ಸರಪಳಿಯೊಂದನ್ನು.

ವಿಧಾನ ಹೀಗಿದೆ. ಸರಪಳಿಯಲ್ಲಿ ಎಲ್ಲಕ್ಕಿಂತ ಬಲವಾದ ಬಂಧವನ್ನು ಆರಿಸಬೇಕು. ಅದರ ಎರಡು ತುದಿಯ ಸ್ಪಿನ್‌ಗಳು ಪರಸ್ಪರ ಜೋಡಿಗೂಡಿ ಉಳಿದವುಗಳ ಪಾಲಿಗೆ ಇಲ್ಲವಾದಂತಾಗುತ್ತವೆ. ಅವುಗಳನ್ನು ಲೆಕ್ಕದಿಂದ ತೆಗೆದು, ಎಡಬಲದ ನೆರೆಯ ಸ್ಪಿನ್‌ಗಳ ನಡುವೆ ಹೊಸದೊಂದು ದುರ್ಬಲ ಬಂಧವನ್ನು ಬರೆಯಬೇಕು. ಎಡಬಲದ ಬಂಧಗಳ ಗುಣಲಬ್ಧವನ್ನು ತೆಗೆದುಹಾಕಿದ ಬಂಧದ ಎರಡರಷ್ಟರಿಂದ ಭಾಗಿಸಿದರೆ ಅದರ ಬಲ ದೊರೆಯುತ್ತದೆ. ಇದನ್ನೇ ಮತ್ತೆ ಮತ್ತೆ ಮಾಡುತ್ತಾ ಹೋದರೆ ಉಳಿದ ಬಂಧಗಳ ಬಲಾಬಲಗಳ ಅಂತರ ಹಿಗ್ಗುತ್ತದೆ. ಅಂತರ ಹಿಗ್ಗಿದಷ್ಟೂ ವಿಧಾನವು ನಿಖರವಾಗುತ್ತದೆ. ಡೇನಿಯಲ್ ಫಿಷರ್ 1990ರ ದಶಕದ ಮೊದಲರ್ಧದಲ್ಲಿ ಇದನ್ನು ಕೊನೆಮುಟ್ಟಿಸಿ, ಅಂತರವು ಮಿತಿಯಿಲ್ಲದೆ ಬೆಳೆಯುವ ಬಿಂದುವನ್ನು ವಿವರಿಸಿದರು. ಇದಕ್ಕೆ ಅನಂತ ಯಾದೃಚ್ಛಿಕತೆಯ ಬಿಂದು ಎಂದು ಹೆಸರು. ಹೈಸನ್‌ಬರ್ಗ್ ಪದರ ಕಾಂತದ ಪರಿವರ್ತನೆ ಇದೇ ವರ್ಗಕ್ಕೆ ಸೇರುತ್ತದೆ.

ಸ್ಪಿನ್ ಸರಪಳಿಯ ಗಣಿತ ಪದರ ಕಾಂತಕ್ಕೆ ಒದಗಲು ಕಾರಣವಿದೆ. ಕ್ವಾಂಟಮ್ ವ್ಯವಸ್ಥೆಯ ವಿವರಣೆಯಲ್ಲಿ ಕಾಲವೂ ಒಂದು ಆಯಾಮದಂತೆ ಸೇರುತ್ತದೆ. ಸರಪಳಿಯ ದೋಷಗಳು ಕಾಲದಲ್ಲಿ ಬದಲಾಗದೆ ನಿಲ್ಲುವುದರಿಂದ ಅವು ಕಾಲದ ಉದ್ದಕ್ಕೂ ಗೆರೆಗಳಂತೆ ಹಬ್ಬುತ್ತವೆ. ಬ್ಯಾರಿ ಮೆಕಾಯ್ ಮತ್ತು ತೈ ತ್ಸುನ್ ವು 1968ರಲ್ಲಿ ಅಧ್ಯಯನ ಮಾಡಿದ, ಸಾಲಿನಿಂದ ಸಾಲಿಗೆ ಬಂಧ ಬದಲಾಗುವ ಎರಡು ಆಯಾಮದ ಐಸಿಂಗ್ ಮಾದರಿಯು ಇಂತಹ ಕ್ವಾಂಟಮ್ ಸರಪಳಿಗೆ ಸಮಾನವೆಂದು ತಿಳಿದಿದೆ.

ಬೆಂಗಳೂರಿನ ಸಂಶೋಧನೆಗಳು

ಸಿ. ಎನ್. ಆರ್. ರಾವ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಘನಸ್ಥಿತಿ ಹಾಗೂ ರಚನಾ ರಸಾಯನ ಘಟಕವನ್ನು ಆರಂಭಿಸಿದರು. ಪಿ. ಗಂಗೂಲಿ ಮತ್ತು ರಾವ್ 1984ರಲ್ಲಿ ಪದರ ರಚನೆಯ ಲೋಹ ಆಕ್ಸೈಡುಗಳ ಸ್ಫಟಿಕ ರಸಾಯನ ಮತ್ತು ಕಾಂತಗುಣಗಳನ್ನು ಕುರಿತು ವಿಸ್ತಾರವಾದ ಸಮೀಕ್ಷೆಯನ್ನು ಪ್ರಕಟಿಸಿದರು. ಈ ಕುಟುಂಬದ ಲ್ಯಾಂಥನಮ್ ತಾಮ್ರ ಆಕ್ಸೈಡಿಗೆ ಬೇರಿಯಂ ಬೆರೆಸಿದ ಸಂಯುಕ್ತದಲ್ಲಿಯೇ 1986ರಲ್ಲಿ ಬೆಡ್‌ನೋರ್ಟ್ಸ್ ಮತ್ತು ಮ್ಯೂಲರ್ ಉನ್ನತ ತಾಪದ ಅತಿವಾಹಕತೆಯನ್ನು ಕಂಡರು. ಹೀಗೆ ಪದರ ಕಾಂತವೊಂದು ಪದರ ಅತಿವಾಹಕವಾದದ್ದು ಎರಡೂ ಕ್ಷೇತ್ರಗಳನ್ನು ಬೆಸೆಯಿತು. ಆದರೆ ಈ ಸಂಯುಕ್ತಗಳಲ್ಲಿ ಬೆರೆಸಿದ ಪರಮಾಣುಗಳು ಚದುರಿರುವುದರಿಂದ ಅಲ್ಲಿನ ಅವ್ಯವಸ್ಥೆ ಬಹುಮಟ್ಟಿಗೆ ಬಿಡಿ ಅವ್ಯವಸ್ಥೆಯೇ ಆಗಿದೆ.

ಪದರ ಅತಿವಾಹಕವನ್ನು ಕಾಂತಕ್ಷೇತ್ರದಲ್ಲಿಟ್ಟಾಗ ಅದರೊಳಗೆ ಸುಳಿಗಳು ಹುಟ್ಟಿ ಸ್ಫಟಿಕದಂತೆ ಜೋಡಣೆಗೊಳ್ಳುತ್ತವೆ. ತಾಪ ಹೆಚ್ಚಿಸಿದರೆ ಈ ಸುಳಿಸ್ಫಟಿಕ ಕರಗುತ್ತದೆ. ಪದರಗಳಿಗೆ ಲಂಬವಾಗಿ ನಿಂತ ಕಂಬದಂತಹ ದೋಷಗಳು ಅಲ್ಲಲ್ಲಿ ವಿರಳವಾಗಿ ಹರಡಿದ್ದರೆ ಏನಾಗುತ್ತದೆ ಎಂಬುದನ್ನು ಚಂದನ್ ದಾಸ್‌ಗುಪ್ತ ಮತ್ತು ಓರಿಯಲ್ ವಾಲ್ಸ್ ಗಣಕದ ನೆರವಿನಿಂದ ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದರು. ಕರಗುವಿಕೆ ಒಂದೇ ಸಲಕ್ಕೆ ಮುಗಿಯದೆ ಎರಡು ಹಂತಗಳಲ್ಲಿ ನಡೆಯುತ್ತದೆ, ನಡುವೆ ಬೋಸ್ ಗಾಜು ಎಂಬ ಪ್ರಾವಸ್ಥೆ ಇರುತ್ತದೆ ಎಂಬುದು ಅವರ ನಿರ್ಣಯ. ಸ್ಥಳದಿಂದ ಸ್ಥಳಕ್ಕೆ ಕರಗುವ ತಾಪ ಬೇರೆಯಾಗಿರುವುದೂ ಕಂಡುಬಂದಿತು. ಈ ಬಗೆಯ ಲೆಕ್ಕಾಚಾರದ ಮೂಲದಲ್ಲಿರುವುದು ಟಿ. ವಿ. ರಾಮಕೃಷ್ಣನ್ ಮತ್ತು ಎಂ. ಯೂಸುಫ್ 1979ರಲ್ಲಿ ಮಂಡಿಸಿದ, ದ್ರವವು ಹೆಪ್ಪುಗಟ್ಟುವ ಸಿದ್ಧಾಂತ. ರಾಮಕೃಷ್ಣನ್ ಅವರೂ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಪ್ರಾಯೋಗಿಕ ಸಾಧ್ಯತೆಗಳು ಮತ್ತು ಮಿತಿಗಳು

ನಿರ್ವಾತದಲ್ಲಿ ಪದರಗಳನ್ನು ಒಂದೊಂದಾಗಿ ನಿಕ್ಷೇಪಿಸುವ ತಂತ್ರಗಳಿಂದ ಬೇಕಾದ ಅನುಕ್ರಮದ ಕಾಂತಪದರಗಳನ್ನು ಬೆಳೆಸಬಹುದು. ಅನುಕ್ರಮವನ್ನು ಬೇಕೆಂದೇ ಕ್ರಮಗೆಡಿಸಿದರೆ ಪದರ ಅವ್ಯವಸ್ಥೆಯ ಮಾದರಿ ಸಿದ್ಧವಾಗುತ್ತದೆ. ಲೇಸರ್ ಬೆಳಕಿನ ಅಲೆಗಳ ನಡುವೆ ಅತಿಶೀತಲ ಪರಮಾಣುಗಳನ್ನು ತೆಳು ಬಿಲ್ಲೆಗಳಂತೆ ಹಿಡಿದಿಡುವುದು ಅತಿದ್ರವದ ಅಧ್ಯಯನಕ್ಕೆ ಒಂದು ದಾರಿ.

ಇಲ್ಲಿನ ಮುಖ್ಯ ಅಡಚಣೆ ವಿರಳ ಪ್ರದೇಶಗಳ ವಿರಳತೆಯೇ ಆಗಿದೆ. ಎರಡು ಬಗೆಯ ಪದರಗಳು ಸಮನಾಗಿ ಬೆರೆತ 100 ಪದರಗಳ ಮಾದರಿಯಲ್ಲಿ ಒಂದೇ ಬಗೆಯ ಪದರಗಳು ಸಾಲಾಗಿ ಸಿಗುವುದು ಸಾಮಾನ್ಯವಾಗಿ ಆರೇಳು ಮಾತ್ರ. 20 ಪದರಗಳ ಕಟ್ಟು ಬೇಕಾದರೆ ಹತ್ತು ಲಕ್ಷದ ಆಸುಪಾಸಿನಷ್ಟು ಪದರಗಳು ಬೇಕು. ಸಿದ್ಧಾಂತವು ಹೇಳುವ ಶೂನ್ಯ ಬಿಗಿತವು ಅಪರಿಮಿತ ಗಾತ್ರದ ವಸ್ತುವಿಗೆ ಅನ್ವಯಿಸುವಂಥದು. ಸೀಮಿತ ಮಾದರಿಯಲ್ಲಿ ಲಂಬ ದಿಕ್ಕಿನ ಬಿಗಿತವು ಶೂನ್ಯವಾಗಿರದೆ, ಮಾದರಿಯ ದಪ್ಪ ಹೆಚ್ಚಿದಂತೆ ಕುಗ್ಗುತ್ತಾ ಹೋಗುತ್ತದೆ. ಆದ್ದರಿಂದ ಒಂದೇ ಮಾದರಿಯನ್ನು ಅಳೆದರೆ ಸಾಲದು. ಬೇರೆಬೇರೆ ದಪ್ಪದ ಮಾದರಿಗಳನ್ನು ಹೋಲಿಸಿ ನೋಡಬೇಕು. ಪದರಗಳ ಒಳಗಿನ ಬಿಡಿ ದೋಷಗಳೂ ಚಿತ್ರವನ್ನು ತುಸು ಮಸುಕಾಗಿಸುತ್ತವೆ.

ಅಪೂರ್ವವಾದ ಒಂದು ಕಟ್ಟು ಇಡೀ ವಸ್ತುವಿನ ನಡತೆಯನ್ನು ತಿರುಗಿಸಬಲ್ಲ ಇಂತಹ ಸಂದರ್ಭಗಳಲ್ಲಿ ಸರಾಸರಿ ಬೆಲೆ ಮತ್ತು ವಿಶಿಷ್ಟ ಬೆಲೆ ಒಂದೇ ಆಗಿರುವುದಿಲ್ಲ. ಮಾಪನದ ಫಲಿತಾಂಶವನ್ನು ಅರ್ಥೈಸುವಾಗ ಮಾದರಿಯ ದಪ್ಪ, ಮಾಪನದ ದಿಕ್ಕು ಮತ್ತು ಪದರಗಳ ಅನುಕ್ರಮ ಮೂರನ್ನೂ ನಮೂದಿಸುವುದು ಅಗತ್ಯ.